ದೆಹಲಿಯ ದಾರಿ ತೋರುವವರು

ದೆಹಲಿಯ ಇತಿಹಾಸವನ್ನು ಬರೆದವರು ಅನೇಕರು. ಸುಲ್ತಾನರ ಆಸ್ಥಾನದ ಚರಿತ್ರಕಾರರು, ಮೊಗಲರ ಕಾಲದ ಬರಹಗಾರರು, ಇಂಗ್ಲಿಷ್ ಅಧಿಕಾರಿಗಳು, ಈಚಿನ ವಿದ್ವಾಂಸರು—ಇವರ ಹೆಸರುಗಳೆಲ್ಲ ಗ್ರಂಥಗಳಲ್ಲಿ ಉಳಿದಿವೆ. ಆದರೆ ಅದೇ ಇತಿಹಾಸವನ್ನು ಕಲ್ಲಿನ ಮುಂದೆ ನಿಂತು, ಬಂದವರ ಮನಸ್ಸಿಗೆ ಹತ್ತುವಂತೆ ಬಾಯಿಮಾತಿನಲ್ಲಿ ಹೇಳುತ್ತ ಬಂದ ಮಾರ್ಗದರ್ಶಿಯ ಹೆಸರು ಹೆಚ್ಚಾಗಿ ಎಲ್ಲಿಯೂ ದಾಖಲಾಗಿಲ್ಲ. ಅವನ ಜೀವನ ನಡೆಯುವುದು ಪರಸ್ಥಳದವರ ಬರವಿನಿಂದ. ಬರುವವರು ನಿಂತರೆ ಅವನ ಅನ್ನವೂ ನಿಲ್ಲುತ್ತದೆ. ದೆಹಲಿಗೆ ಅಂಥ ಕಾಲ ಬಂದುದು ಒಂದು ಸಲವಲ್ಲ. ಆಗೆಲ್ಲ ಅವನು ಯಾರಿಗೆ, ಯಾವ ಕಥೆಯನ್ನು ಹೇಳಿ ಬದುಕಿದನೆಂದು ವಿಚಾರಿಸುವುದು ಕೇವಲ ಒಂದು ಕಸಬಿನ ವಿಚಾರವಲ್ಲ. ಈ ನಗರದ ಗತಕಾಲ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಯೂ ಅದರಲ್ಲಿ ಅಡಗಿದೆ.

1857ಕ್ಕೆ ಮುಂಚೆ ದೆಹಲಿಯನ್ನು ಸುತ್ತಿ ನೋಡುವುದು ಮುಖ್ಯವಾಗಿ ದೆಹಲಿಯವರದೇ ವಿನೋದವಾಗಿತ್ತು. ಅದನ್ನು ಅವರು ‘ಸೈರ್’ ಎಂದು ಕರೆಯುತ್ತಿದ್ದರು. ಎರಡನೆಯ ಅಕ್ಬರ್ ಶಾಹನ ಕಾಲದಲ್ಲಿ ಮೊದಲಾದ ‘ಫೂಲ್‌ವಾಲೋಂ ಕೀ ಸೈರ್’ ಎಂಬ ಹೂವಿನ ಉತ್ಸವಕ್ಕೆ ಅರಮನೆಯವರೂ ಊರವರೂ ಒಟ್ಟಾಗಿ ಮೆಹರೌಲಿಗೆ ಹೋಗುತ್ತಿದ್ದರು. 1847ರಲ್ಲಿ ಪ್ರಕಟವಾದ ಸಯ್ಯದ್ ಅಹಮದ್ ಖಾನರ ‘ಆಸಾರುಸ್ಸನಾದೀದ್’ ಎಂಬ ಉರ್ದು ಗ್ರಂಥವು ಈ ಅಭಿರುಚಿಯ ಫಲ. ಆಗ ಅವರು ದೆಹಲಿಯಲ್ಲಿ ಮುನ್ಸೀಫರು. ಕುತುಬ್ ಮಿನಾರಿನ ಎತ್ತರದ ಶಾಸನಗಳನ್ನು ಓದುವುದಕ್ಕಾಗಿ ಬುಟ್ಟಿಯಲ್ಲಿ ಕುಳಿತು ಹಗ್ಗದಿಂದ ತೂಗಿಸಿಕೊಂಡರೆಂದು ಅವರ ಚರಿತ್ರೆಯಿಂದ ತಿಳಿಯುತ್ತದೆ. ಊರಿನವನೇ ಊರನ್ನು ಊರವರಿಗೆ ತೋರಿಸಿದ ಪುಸ್ತಕವದು.

1857ರ ಸೆಪ್ಟೆಂಬರಿನಲ್ಲಿ ಇಂಗ್ಲಿಷರ ಸೈನ್ಯವು ನಗರವನ್ನು ಮರಳಿ ಹಿಡಿದಾಗ ಈ ಕೇಳುಗರೇ ಇಲ್ಲವಾದರು. ನಿವಾಸಿಗಳನ್ನು ಕೋಟೆಗೋಡೆಯಿಂದಾಚೆ ಅಟ್ಟಲಾಯಿತು. ಸಯ್ಯದ್ ಅಹಮದರ ಗ್ರಂಥಕ್ಕೆ ನೆರವಾಗಿದ್ದ ವಿದ್ವಾಂಸ ಇಮಾಮ್ ಬಕ್ಷ್ ಸಹಬಾಯಿಯವರು ಪ್ರಾಣ ಕಳೆದುಕೊಂಡರು. ಮರುವರ್ಷ ಬಹಾದುರ್ ಶಾಹನು ರಂಗೂನಿಗೆ ಗಡೀಪಾರಾದನು. ಕೆಂಪುಕೋಟೆಯ ಒಳಗಿನ ಕಟ್ಟಡಗಳಲ್ಲಿ ಬಹುಭಾಗ ನೆಲಸಮವಾಯಿತು. ಜುಮ್ಮಾ ಮಸೀದಿಯು ಮುಸಲ್ಮಾನರ ಕೈಗೆ ಮರಳಿದುದು 1862ರಲ್ಲಿ.

1867ರಲ್ಲಿ ದೆಹಲಿಗೆ ರೈಲು ಬಂದಿತು. ಅದರೊಡನೆ ಹೊಸ ಬಗೆಯ ಪ್ರವಾಸಿಯೂ ಬಂದನು. ಅವನು ನೋಡಬೇಕೆಂದುದು ಕಾಶ್ಮೀರಿ ದರ್ವಾಜವನ್ನು, ನಿಕಲ್ಸನ್ನನ ಗೋರಿಯನ್ನು, ದಿಣ್ಣೆಯ ಮೇಲೆ 1863ರಲ್ಲಿ ಎದ್ದ ವಿಜಯಸ್ಮಾರಕವನ್ನು. ಫ್ಯಾನ್‌ಷಾ 1902ರಲ್ಲಿ ಬರೆದ ಪುಸ್ತಕದಲ್ಲಿಯೂ ಹರ್ನ್ 1906ರಲ್ಲಿ ಬರೆದುದರಲ್ಲಿಯೂ ಮುತ್ತಿಗೆಯ ಸ್ಥಳಗಳಿಗೆ ದೊಡ್ಡ ಸ್ಥಾನವುಂಟು. ಇಂಥ ಪ್ರವಾಸಿಯ ಮುಂದೆ ನಡೆದ ದೇಶೀಯ ಮಾರ್ಗದರ್ಶಿಯು, ಸೋತ ಊರಿನವನಾಗಿಯೂ ಗೆದ್ದವರ ಕಥೆಯನ್ನೇ ಹೇಳಬೇಕಾಗಿತ್ತೆಂದು ಊಹಿಸುವುದು ಕಷ್ಟವಲ್ಲ. ಕಾಲವು ಆ ಕಥೆಯನ್ನು ತಿರುಗಿಸಿತು. 1972ರಲ್ಲಿ ಆ ಸ್ಮಾರಕಕ್ಕೆ ಅಜಿತಗಢವೆಂಬ ಹೆಸರು ಬಂದಿತು. ಶಾಸನದಲ್ಲಿ ಶತ್ರುಗಳೆನಿಸಿಕೊಂಡವರು ಸ್ವಾತಂತ್ರ್ಯದ ಹುತಾತ್ಮರೆಂದು ಸಾರುವ ಹೊಸ ಫಲಕವನ್ನು ಅಲ್ಲಿ ಇಡಲಾಯಿತು. ಕಲ್ಲು ಒಂದೇ, ಕೇಳುವವರು ಬದಲಾದರೆ ಮಾತು ಬದಲಾಗುತ್ತದೆ.

1947ರಲ್ಲಿ ಹಳೆಯ ಕೋಟೆಯೂ ಹುಮಾಯೂನನ ಗೋರಿಯ ಆವರಣವೂ ನಿರಾಶ್ರಿತರ ಬಿಡಾರಗಳಾದುವು. ಪ್ರೇಕ್ಷಣೀಯ ಸ್ಥಳಗಳು ಪ್ರಾಣ ಉಳಿಸಿಕೊಳ್ಳುವ ಸ್ಥಳಗಳಾದಾಗ ಪ್ರೇಕ್ಷಕನ ಮಾತೆಲ್ಲಿ? ಆ ಕ್ಷೋಭೆ ಶಮನವಾದ ಮೇಲೆ ಸರ್ಕಾರವೇ ಪ್ರವಾಸೋದ್ಯಮವನ್ನು ಕೈಗೆತ್ತಿಕೊಂಡಿತು. 1959ರ ಪುರಾತನ ಸ್ಮಾರಕಗಳ ನಿಯಮಗಳು, ಪುರಾತತ್ವ ಅಧಿಕಾರಿಯ ಪರವಾನಗಿಯಿಲ್ಲದೆ ಸಂರಕ್ಷಿತ ಸ್ಮಾರಕದೊಳಗೆ ಹಣ ಪಡೆದು ಯಾರಿಗೂ ಸ್ಥಳ ತೋರಿಸಕೂಡದೆಂದು ವಿಧಿಸಿದುವು. ಇದರಿಂದ ಮಾರ್ಗದರ್ಶಿಗೆ ಒಂದು ಅಂತಸ್ತು ದೊರೆಯಿತು. ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನೀ ಭಾಷೆಗಳನ್ನು ಕಲಿತವರು ಈ ಕಸಬಿಗೆ ಬಂದರು. ಆದರೆ ಕಲಿತ ಭಾಷೆಯೇ ಅವರನ್ನು ಪರದೇಶದ ಪ್ರವಾಸಿಗೆ ಕಟ್ಟಿಹಾಕಿತು.

ಆ ಕಟ್ಟು ಎಷ್ಟು ಅಪಾಯಕರವೆಂಬುದು 2020ರಲ್ಲಿ ತಿಳಿಯಿತು. ಕೊರೊನಾ ವ್ಯಾಧಿಯ ಕಾರಣದಿಂದ ಆ ವರ್ಷದ ಮಾರ್ಚ್ 13ರಿಂದ ಪ್ರವಾಸಿ ವೀಸಾಗಳು ಅಮಾನತಾದುವು. ಮಾರ್ಚ್ 17ರಂದು ಪುರಾತತ್ವ ಇಲಾಖೆಯ ಸ್ಮಾರಕಗಳೆಲ್ಲ ಮುಚ್ಚಿದುವು. ಜುಲೈ 6ರಂದು ಬಾಗಿಲು ತೆರೆದರೂ ಪರದೇಶದವರು ಬರಲಿಲ್ಲ. 2021ರ ಏಪ್ರಿಲಿನಲ್ಲಿ ಬಾಗಿಲುಗಳು ಮತ್ತೆ ಎರಡು ತಿಂಗಳು ಮುಚ್ಚಿದುವು. 2019ರಲ್ಲಿ ಭಾರತಕ್ಕೆ ಬಂದ ವಿದೇಶೀ ಪ್ರವಾಸಿಗಳು ಸುಮಾರು 1 ಕೋಟಿ 9 ಲಕ್ಷ. 2020ರಲ್ಲಿ ಸುಮಾರು 27 ಲಕ್ಷ. 2021ರಲ್ಲಿ ಸುಮಾರು 15 ಲಕ್ಷ. 2021ರ ಜೂನ್ 28ರಂದು ಕೇಂದ್ರ ಸರ್ಕಾರವು 10,700 ಮಂದಿ ಮಾರ್ಗದರ್ಶಿಗಳಿಗಾಗಿ, ತಲಾ 1 ಲಕ್ಷ ರೂಪಾಯಿಯವರೆಗೆ ಜಾಮೀನು ಸಹಿತ ಸಾಲದ ಯೋಜನೆಯನ್ನು ಸಾರಿತು. ನೆರವೇನೋ ನಿಜ, ಆದರೆ ಆದಾಯವಿಲ್ಲದವನಿಗೆ ಸಾಲವೆಂಬುದು ನಾಳಿನ ಭಾರವೂ ಹೌದು.

ಈ ಬರಗಾಲದಲ್ಲಿ ಅವರು ಕಂಡುಕೊಂಡ ಉಪಾಯಗಳು ಗಮನಾರ್ಹವಾಗಿವೆ. ಕೆಲವರು ಮನೆಯಲ್ಲಿಯೇ ಕುಳಿತು, ಚಿತ್ರಗಳನ್ನೂ ನಕ್ಷೆಗಳನ್ನೂ ಕಂಪ್ಯೂಟರಿನ ತೆರೆಯ ಮೇಲೆ ತೋರಿಸುತ್ತ, ದೂರದೇಶದವರಿಗೆ ಷಾಜಹಾನಾಬಾದಿನ ಗಲ್ಲಿಗಳನ್ನು ವರ್ಣಿಸಿದರು. ಕೆಲವರು ತಾವು ಬಲ್ಲ ಪರಭಾಷೆಯ ಪಾಠ ಹೇಳಿದರು, ಅನುವಾದಕ್ಕೆ ತೊಡಗಿದರು. ಎಲ್ಲಕ್ಕಿಂತ ಮುಖ್ಯವಾದುದು, ಮಾರ್ಗದರ್ಶಿಯು ನಗರದ ನಿವಾಸಿಯ ಕಡೆಗೆ ತಿರುಗಿದುದು. ಇದಕ್ಕೆ ಅಡಿಪಾಯವು ಮೊದಲೇ ಬಿದ್ದಿತ್ತು. ಇನ್‌ಟ್ಯಾಕ್ ಸಂಸ್ಥೆಯ ದೆಹಲಿ ಶಾಖೆಯು ಪಾರಂಪರಿಕ ನಡಿಗೆಗಳನ್ನು ನಡೆಸುತ್ತಿತ್ತು. ಪಹಾಡ್‌ಗಂಜಿನಲ್ಲಿ ಸಲಾಮ್ ಬಾಲಕ್ ಟ್ರಸ್ಟಿನ ಆಶ್ರಯದಲ್ಲಿ, ಹಿಂದೆ ಬೀದಿಯಲ್ಲಿ ಬೆಳೆದ ತರುಣರೇ ಆ ಬೀದಿಗಳನ್ನು ತೋರಿಸುತ್ತಿದ್ದರು. ವ್ಯಾಧಿಯ ಉಪಟಳ ಇಳಿದಂತೆ ಇಂಥ ನಡಿಗೆಗಳು ಬಲಗೊಂಡುವು. ಚಿಕ್ಕ ಗುಂಪು, ತೆರೆದ ಬಯಲು, ಭಾನುವಾರದ ಬೆಳಗು. ಮೆಹರೌಲಿಯ ಪುರಾತತ್ವ ಉದ್ಯಾನ, ತುಘಲಕಾಬಾದಿನ ಕೋಟೆ, ಹೌಜ್ ಖಾಸಿನ ದಂಡೆ. ನೂರಎಪ್ಪತ್ತರಷ್ಟು ಸಂರಕ್ಷಿತ ಸ್ಮಾರಕಗಳಿರುವ ನಗರದಲ್ಲಿ ನಾಲ್ಕೈದನ್ನೇ ತೋರಿಸುತ್ತಿದ್ದವನಿಗೆ ಉಳಿದವುಗಳ ನೆನಪಾಯಿತು. ಒಂದೂವರೆ ಶತಮಾನದ ಬಳಿಕ ‘ಸೈರ್’ ಮರಳಿತೆನ್ನಬಹುದು.

ಆದರೆ ಇದರಲ್ಲಿ ನಷ್ಟವೂ ಉಂಟು. ಊರವರು ಕೊಡುವ ಹಣ ಪರದೇಶದವರು ಕೊಡುತ್ತಿದ್ದುದಕ್ಕೆ ಸಾಟಿಯಲ್ಲ. ಕಸಬನ್ನು ಬಿಟ್ಟುಹೋದವನೊಡನೆ ಅವನ ತಿಳಿವಳಿಕೆಯೂ ಹೋಗುತ್ತದೆ. ಯಾವ ಬಾಗಿಲಿನ ಬೆಳಕು ಯಾವ ಹೊತ್ತಿಗೆ ಚೆನ್ನ, ಯಾವ ಗೋರಿಯ ಕಾವಲುಗಾರನ ಅಜ್ಜ ಏನು ಹೇಳುತ್ತಿದ್ದ ಎಂಬುದನ್ನು ಬರೆದಿಟ್ಟ ಗ್ರಂಥವಿಲ್ಲ.

ಈ ವಿಚಾರ ದೆಹಲಿಯಲ್ಲಿ ನೆಲಸಿದ ಕನ್ನಡಿಗರಿಗೂ ಸಂಬಂಧಿಸಿದ್ದು. ಕುತುಬ್ ಆವರಣದ ಅಲಾಯಿ ದರ್ವಾಜಾ ಎದ್ದುದು 1311ರಲ್ಲಿ. ಅದೇ ವರ್ಷ ಮಲಿಕ್ ಕಾಫೂರನ ದಂಡು ದೋರಸಮುದ್ರದ ಮೇಲೆ ಬಿದ್ದು, ಮೂರನೆಯ ವೀರಬಲ್ಲಾಳನಿಂದ ಕಪ್ಪವನ್ನು ಪಡೆದು ದೆಹಲಿಗೆ ಹಿಂದಿರುಗಿತು. ಬಲ್ಲಾಳನ ಮಗನೇ ದೆಹಲಿಗೆ ಬಂದಿದ್ದು, 1313ರಲ್ಲಿ ತನ್ನ ನಾಡಿಗೆ ಮರಳಿದನೆಂಬುದು ಶಾಸನದಿಂದ ತಿಳಿಯುತ್ತದೆ. ಆ ಬಾಗಿಲಿನ ಮುಂದೆ ನಿಂತ ಪರದೇಶದ ಪ್ರವಾಸಿ ಈ ಮಾತನ್ನು ಕೇಳಲಾರ, ಕೇಳಬಲ್ಲವನು ಕನ್ನಡಿಗನೇ. ಅವನು ಕೇಳಿದರೆ, ದಾರಿ ತೋರುವವನು ಮುಂದಿನ ಗುಂಪಿಗೆ ಅದನ್ನು ಹೇಳಿಯಾನು. ಒಂದು ನಗರದ ಇತಿಹಾಸ ಬೆಳೆಯುವುದು ಹೇಳುವವನಿಂದ ಮಾತ್ರವಲ್ಲ, ಕೇಳುವವನಿಂದಲೂ ಹೌದು. ಪ್ರವಾಸಿಗಳು ಮತ್ತೆ ಬರುತ್ತಿರುವ ಈ ದಿನಗಳಲ್ಲಿ, ಬಾರದ ದಿನಗಳಲ್ಲಿ ದೊರೆತ ಈ ಕೇಳುಗನನ್ನು ಮಾರ್ಗದರ್ಶಿಯು ಕೈಬಿಡದಂತೆ ನೋಡಿಕೊಳ್ಳುವುದು ನಿವಾಸಿಗಳ ಹೊಣೆ.