ಜಂತುಬಾಧೆ: ಹೊಸದುರ್ಗ ಸೀಮೆಯ ದನಕರುಗಳಲ್ಲಿ

ಹಸು, ಎಮ್ಮೆ ಮತ್ತು ಅವುಗಳ ಕರುಗಳ ಜಠರದಲ್ಲಿಯೂ ಕರುಳಿನಲ್ಲಿಯೂ ನೆಲಸಿ, ಆಹಾರವನ್ನೋ ರಕ್ತವನ್ನೋ ಹೀರಿ ಬದುಕುವ ದುಂಡುಹುಳು, ಲಾಡಿಹುಳು, ಚಪ್ಪಟೆಹುಳುಗಳಿಂದಲೂ, ಕಣ್ಣಿಗೆ ಕಾಣದ ಐಮೀರಿಯ ಎಂಬ ಏಕಕೋಶ ಜೀವಿಯಿಂದಲೂ ಉಂಟಾಗುವ ವ್ಯಾಧಿಗಳಿಗೆ ಒಟ್ಟಾರೆ ಜಂತುಬಾಧೆಯೆಂದು ಹೆಸರು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳಂತಹ ಮಳೆ ಕಡಮೆಯ ಸೀಮೆಯಲ್ಲಿ ಇದರ ಚರಿತ್ರೆಯು ಬಹುಮಟ್ಟಿಗೆ ದನಗಳು ಎಲ್ಲಿ ಮೇದವು, ಎಲ್ಲಿ ನೀರು ಕುಡಿದವು ಎಂಬುದರ ಚರಿತ್ರೆಯೇ ಆಗಿದೆ.

ಪಶುವೈದ್ಯವನ್ನು ಕುರಿತ ಬರವಣಿಗೆ ಕನ್ನಡಕ್ಕೆ ಹೊಸದಲ್ಲ. ಚಾಳುಕ್ಯ ರಾಜವಂಶದ ಕೀರ್ತಿವರ್ಮನ 'ಗೋವೈದ್ಯ'ವು ಔಷಧದೊಡನೆ ಮಂತ್ರವನ್ನೂ ಕೂಡಿಸಿ ಹೇಳುವ ಗ್ರಂಥ. ಹಳ್ಳಿಗರ ರೂಢಿಯಲ್ಲಿ ಮಂತ್ರಕ್ಕಿಂತ ಗೊಟ್ಟವೇ ಮುಂದು: ಓರೆಯಾಗಿ ಕೊಯ್ದ ಬಿದಿರಿನ ಕೊಳವೆಯಲ್ಲಿ ಮುತ್ತುಗದ ಬೀಜದ ಪುಡಿಯನ್ನೋ ಬೇವಿನ ಸೊಪ್ಪಿನ ರಸವನ್ನೋ ತುಂಬಿ, ಕರುವಿನ ಮೋರೆಯನ್ನು ಮೇಲೆತ್ತಿ ಹಿಡಿದು, ಕಟವಾಯಿಂದ ಸ್ವಲ್ಪಸ್ವಲ್ಪವಾಗಿ ಹೊಯ್ಯುವುದು. ಮುತ್ತುಗದ ಬೀಜಕ್ಕೆ ಕೃಮಿಹರ ಗುಣವುಂಟೆಂಬುದನ್ನು ಆಯುರ್ವೇದವೂ ಒಪ್ಪಿದೆ. ಕೈ ಅವಸರಪಟ್ಟರೆ ಮಾತ್ರ ಔಷಧವು ಶ್ವಾಸನಾಳಕ್ಕೆ ಇಳಿದು, ಹುಳುವಿನಿಂದ ಬದುಕಿಕೊಳ್ಳಬಹುದಾಗಿದ್ದ ಕರು ಪುಪ್ಪುಸದ ಉರಿಯೂತದಿಂದ ಸಾಯುವುದೂ ಉಂಟು.

ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಮೊದಲಾಗಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಸರ್ಕಾರಿ ದನಗಳು ಚಿತ್ರದುರ್ಗದ ಕಾವಲುಗಳಲ್ಲಿಯೂ ತಲೆಮಾರುಗಟ್ಟಲೆ ಮೇದವು. ಆ ತಳಿಯ ಸಂವರ್ಧನ ಕೇಂದ್ರ ಹೊಸದುರ್ಗಕ್ಕೆ ನೆರೆಯ ಅಜ್ಜಂಪುರದಲ್ಲಿದೆ. ಕಾವಲುಗಳನ್ನು ಮಳೆಗಾಲ, ಚಳಿಗಾಲ, ಬೇಸಿಗೆಗಳಿಗೆಂದು ವಿಂಗಡಿಸಿ ಹಿಂಡನ್ನು ಋತುವಿಗನುಸಾರವಾಗಿ ಸಾಗಿಸುತ್ತಿದ್ದುದು ಮೇವು ನೀರುಗಳ ಸಲುವಾಗಿಯೇ ಹೊರತು ಹುಳುವಿನ ಭಯದಿಂದಲ್ಲ. ಆದರೂ ಅದರಿಂದ ದೊರೆತ ರಕ್ಷಣೆ ಅಲ್ಪವಾದುದಲ್ಲವೆಂದು ಊಹಿಸಲು ಅವಕಾಶವಿದೆ. ಏಕೆಂದರೆ, ಸಗಣಿಯೊಡನೆ ಬಿದ್ದ ಹೀಮಾಂಕಸ್ ಎಂಬ ರಕ್ತಹೀರುವ ಹುಳುವಿನ ಮೊಟ್ಟೆಯು ಬೆಚ್ಚನೆಯ ತೇವದಲ್ಲಿ ಸುಮಾರು ಒಂದು ವಾರದೊಳಗೆ ಸೋಂಕುವ ಮರಿಯಾಗಿ ಹುಲ್ಲಿನ ಎಸಳನ್ನು ಏರುವುದಾದರೂ, ಬಯಲುಸೀಮೆಯ ಬಿಸಿಲಿಗೆ ಆ ಮರಿ ಬಹುಕಾಲ ತಾಳಲಾರದು. ಬೇಸಿಗೆಯ ಕಾವಲಿನ ಮಾತು ಬೇರೆ. ಅವುಗಳಲ್ಲಿ ಹಲವು ಕೆರೆಯಂಗಳಗಳು. ಇಂಗುತ್ತಿರುವ ನೀರಿನಂಚಿನ ಕೆಸರಿನಲ್ಲಿ ಬಸವನಹುಳುಗಳು, ಅವುಗಳ ಒಡಲಲ್ಲಿ ಬೆಳೆದು ಹಸಿರು ಹುಲ್ಲಿಗೆ ಅಂಟಿಕೊಳ್ಳುವ ಚಪ್ಪಟೆಹುಳುವಿನ ಮರಿಗಳು. ಇವು ಸಣ್ಣಕರುಳಿನ ಗೋಡೆಯನ್ನು ಕೊರೆದು ದುರ್ಗಂಧದ ಭೇದಿಯನ್ನೂ, ದವಡೆಯ ಕೆಳಗೆ ನೀರುಬಾವನ್ನೂ ತರುತ್ತವೆ. 1907ರಲ್ಲಿ ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರ ಪೂರ್ಣಗೊಂಡ ಮೇಲೆ, ಹಿರಿಯೂರಿನ ಕಾಲುವೆಯಂಚುಗಳಲ್ಲಿ ಇಂತಹ ಹುಳುಗಳಿಗೆ ವರ್ಷದ ಬಹುಭಾಗ ಆಶ್ರಯ ಸಿಕ್ಕುವಂತಾಯಿತು.

ಸರ್ಕಾರದ ಪಶುವೈದ್ಯ ಶಾಖೆಗೆ ಬಹುಕಾಲ ಜಂತುಹುಳು ಮುಖ್ಯವಾಗಿ ತೋರಲಿಲ್ಲ. ತೋರದಿದ್ದುದು ಅಸಹಜವೂ ಅಲ್ಲ. ದೊಡ್ಡರೋಗ, ಚಪ್ಪೆಬೇನೆಗಳು ಕೆಲವೇ ದಿನಗಳಲ್ಲಿ ಕೊಟ್ಟಿಗೆಗಳನ್ನು ಬರಿದುಮಾಡುತ್ತಿದ್ದಾಗ, ತಿಂಗಳುಗಟ್ಟಲೆ ಸೊರಗಿ ಸಾಯುವ ಕರುವನ್ನು ಲೆಕ್ಕಕ್ಕೆ ಹಿಡಿಯುವವರಾರು? ಬೆಂಗಳೂರಿನ ಹೆಬ್ಬಾಳದಲ್ಲಿ ಸ್ಥಾಪಿತವಾದ ಸೀರಂ ಸಂಸ್ಥೆಯ ಶ್ರಮವೂ ಪ್ರಧಾನವಾಗಿ ದೊಡ್ಡರೋಗದ ಕಡೆಗೇ ಹರಿಯಿತು. ಅಂದಿನ ಔಷಧಗಳೂ ಒರಟು: ಮೈಲುತುತ್ತ, ಹೊಗೆಸೊಪ್ಪಿನ ಸತ್ತ್ವ. 1938ರ ಸುಮಾರಿಗೆ ಫಿನೋಥಯಜೀನ್, 1961ರಲ್ಲಿ ಥಯಬೆಂಡಜೋಲ್, 1981ರಲ್ಲಿ ಐವರ್ಮೆಕ್ಟಿನ್ ಜಗತ್ತಿಗೆ ಬಂದವು. ಕೊನೆಯದರ ಮೂಲವನ್ನು ಕಂಡುಹಿಡಿದ ಓಮುರ ಮತ್ತು ಕ್ಯಾಂಪ್‌ಬೆಲ್ ಅವರು 2015ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಕರುಗಳಿಗೆ ವಿಶೇಷ ವೈರಿಯೆಂದರೆ ಟಾಕ್ಸೊಕೇರ ವಿಟುಲೋರಂ. 1782ರಲ್ಲಿಯೇ ಜರ್ಮನಿಯ ಗೋಟ್ಸ ಇದನ್ನು ವರ್ಣಿಸಿದ್ದರೂ, ಕರು ಹುಲ್ಲು ಮುಟ್ಟುವ ಮೊದಲೇ ಅದರ ಕರುಳಿಗೆ ಗೇಣುದ್ದದ ಬಿಳಿಯ ಹುಳು ಎಲ್ಲಿಂದ ಬಂತೆಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೆ ಚೆನ್ನಾಗಿ ಬಗೆಹರಿದಿರಲಿಲ್ಲ. ತಾಯಿಯ ಅಂಗಾಂಶಗಳಲ್ಲಿ ಸುಪ್ತವಾಗಿರುವ ಮರಿಗಳು ಈಯುವ ಕಾಲಕ್ಕೆ ಎಚ್ಚತ್ತು ಮೊಲೆಹಾಲಿಗೆ ಇಳಿಯುತ್ತವೆ. ಮೂರು ನಾಲ್ಕು ವಾರಗಳಲ್ಲಿ ಕರುವಿನ ಕರುಳಿನಲ್ಲಿ ಪ್ರೌಢ ಹುಳುಗಳಾಗುತ್ತವೆ. ಕೂದಲು ನಿಮಿರಿ, ಹೊಟ್ಟೆ ಡೊಳ್ಳಾಗಿ, ಗೋಡೆಯ ಮಣ್ಣನ್ನು ನೆಕ್ಕುತ್ತ, ಜೇಡಿಮಣ್ಣಿನ ಬಣ್ಣಕ್ಕೆ ಉಚ್ಚಿಕೊಳ್ಳುವ ಕರುವನ್ನು, ಅದರಲ್ಲಿಯೂ ಎಮ್ಮೆಗರುವನ್ನು, ಕಂಡವರಿಗೆ ಬೇರೆ ಲಕ್ಷಣ ಹೇಳಬೇಕಾದುದಿಲ್ಲ. ಹಾಲಿನಿಂದ ಹುಳು ಬರುವುದೆಂದು ಗಿಣ್ಣುಹಾಲನ್ನು ತಪ್ಪಿಸುವುದು ಅವಿವೇಕ. ದನಗಳಲ್ಲಿ ರೋಗನಿರೋಧಕ ದ್ರವ್ಯಗಳು ಗರ್ಭದಲ್ಲಿ ದಾಟದೆ ಗಿಣ್ಣಿನಿಂದಲೇ ಕರುವಿಗೆ ದೊರೆಯತಕ್ಕವು. ಹತ್ತು ಹದಿನೈದು ದಿನಗಳ ವಯಸ್ಸಿನಲ್ಲಿಯೇ ಪೈರಾಂಟೆಲ್ ಮುಂತಾದ ಔಷಧವನ್ನು ಕುಡಿಸುವುದು ಸರಿಯಾದ ದಾರಿ.

1974ರಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಹುಟ್ಟಿದ ತರುವಾಯ, ಶಿವಮೊಗ್ಗ ಹಾಲು ಒಕ್ಕೂಟದ ಸಂಘಗಳು ಈ ಸೀಮೆಯ ಹಳ್ಳಿಗಳಿಗೂ ಹಬ್ಬಿ, ನಾಟಿ ಹಸುವಿನ ಜಾಗದಲ್ಲಿ ಮಿಶ್ರತಳಿಯು ಕೊಟ್ಟಿಗೆಗೆ ಬಂದಿತು. ಗೂಟಕ್ಕೆ ಕಟ್ಟಿದ ಹಸು ಕಾವಲಿನ ಹುಳುವಿನಿಂದ ತಪ್ಪಿಸಿಕೊಂಡಿತಾದರೂ, ಒದ್ದೆ ನೆಲ, ಒತ್ತಾಗಿ ಕಟ್ಟಿದ ಕರುಗಳು, ತೋಟದ ಬದುವಿನಿಂದ ಕೊಯ್ದು ತಂದ ಹಸಿಹುಲ್ಲು ಇವೆಲ್ಲ ಸೇರಿ ಐಮೀರಿಯದ ರಕ್ತಭೇದಿಗೂ ದುಂಡುಹುಳುವಿಗೂ ಅನುಕೂಲವನ್ನೇ ಮಾಡಿಕೊಟ್ಟವು. ಸೆಪ್ಟೆಂಬರ್, ಅಕ್ಟೋಬರ್‌ಗಳೇ ಇಲ್ಲಿ ಹೆಚ್ಚು ಮಳೆಯ ತಿಂಗಳುಗಳಾದುದರಿಂದ, ಮಳೆಗೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಔಷಧ ಹಾಕುವುದು ವಾಡಿಕೆ. ಗಬ್ಬದ ಮೊದಲ ತಿಂಗಳುಗಳಲ್ಲಿ ಅಲ್ಬೆಂಡಜೋಲ್ ಕೂಡದು. ಒಂದೇ ಔಷಧವನ್ನು ಅಳತೆ ತಪ್ಪಿ ಪದೇ ಪದೇ ಕೊಟ್ಟರೆ ಹುಳುಗಳು ಅದಕ್ಕೆ ಜಗ್ಗದಂತಾಗುತ್ತವೆ.

ಹೆಣ್ಣುಗರುವಿಗೆ ಔಷಧ ತಪ್ಪದೆ ಸಿಕ್ಕುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಯಾರಿಗೂ ಬೇಡವಾದ ಮಿಶ್ರತಳಿಯ ಗಂಡುಗರುವಿಗೆ ಹಾಲೂ ಅಷ್ಟಕ್ಕಷ್ಟೆ, ಔಷಧವೂ ಅಷ್ಟಕ್ಕಷ್ಟೆ. ಅದರ ಸಗಣಿಯಲ್ಲಿ ಬಿದ್ದ ಟಾಕ್ಸೊಕೇರದ ದಪ್ಪ ಚಿಪ್ಪಿನ ಮೊಟ್ಟೆಗಳು ಕೊಟ್ಟಿಗೆಯ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಪಕ್ಕದಲ್ಲಿಯೇ ಕಟ್ಟಿದ ಕಡಸಿನ ಹೊಟ್ಟೆಗೆ ಸೇರಿ, ಅದು ಈಯುವವರೆಗೆ ಕಾದಿರುತ್ತವೆ.