ನಮ್ಮಪ್ಪ ಎತ್ತದ ಫೋನು

ಈ ಎಪಿಸೋಡ್ ಕೇಳ್ತಿರುವಾಗಲೇ ನಿಮಗೊಂದು ಲೋನ್ ಕಾಲ್ ಬಂದ್ರೆ ಆಶ್ಚರ್ಯ ಬೇಡ. ಕಟ್ ಮಾಡಿ, ಮುಂದೆ ಕೇಳಿ.

ನಮ್ಮ ಜಮೀನಿರೋದು ಗುಂಡ್ಲುಪೇಟೆ ಕಡೆ. ಹೋದ ವರ್ಷ ಸಣ್ಣ ಈರುಳ್ಳಿ ಕಿತ್ತು, ಮೂಟೆ ಕಟ್ಟಿ, ಕೇರಳದ ಲಾರಿಗೆ ಕಾಯ್ತಿದ್ವಿ. ನಮ್ಮಪ್ಪನ ಫೋನಿಗೆ ಗೊತ್ತಿಲ್ಲದ ನಂಬರಿಂದ ಮೂರು ಸಲ ಕಾಲ್ ಬಂತು. 'ಬುಡು, ಅದೇ ಲೋನ್‌ನೋರು' ಅಂತ ಎತ್ತಲೇ ಇಲ್ಲ. ಅದು ಲಾರಿ ಡ್ರೈವರು, ದಾರಿ ಕೇಳೋಕೆ ಮಾಡಿದ್ದು. ವಿಷಯ ಗೊತ್ತಾಗಿ ಲೋಡ್ ಮುಗಿಸೋ ಹೊತ್ತಿಗೆ ಒಂಬತ್ತು ದಾಟಿತ್ತು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಲಾರಿಗೆ ಬೆಳಗಿನ ಮಾರ್ಕೆಟ್ ತಪ್ಪಿತು. ರೇಟಲ್ಲಿ ಏಟು ಬಿದ್ದದ್ದು ನಮಗೆ.

ಬಿ.ಕಾಂ. ಓದಿದ ತಲೆ ನಂದು. ಈ ನಷ್ಟ ಯಾರ ಖಾತೆಗೆ ಬರೆಯೋದು ಅಂತ ಹಿಂದಕ್ಕೆ ಹುಡುಕ್ತಾ ಹೋದೆ.

1978ರ ಮೇ 3. ಅಮೆರಿಕದ ಡಿಇಸಿ ಅನ್ನೋ ಕಂಪ್ಯೂಟರ್ ಕಂಪನಿಯ ಗ್ಯಾರಿ ಥರ್ಕ್, ಇಂಟರ್ನೆಟ್‌ಗೆ ಅಜ್ಜನಂತಿದ್ದ ಅರ್ಪಾನೆಟ್‌ನಲ್ಲಿ ಸುಮಾರು 400 ಜನಕ್ಕೆ ಒಂದೇ ಮೇಲ್ ಕಳಿಸಿದ. ನಮ್ಮ ಹೊಸ ಕಂಪ್ಯೂಟರ್ ನೋಡೋಕೆ ಬನ್ನಿ ಅಂತ. ಬೈಗುಳವೂ ಬಂತು, ವ್ಯಾಪಾರವೂ ಆಯ್ತು. 400 ಕಾಗದ ಹಾಕಿದ್ರೆ ಅಂಚೆ ಖರ್ಚಿತ್ತು. ಮೇಲ್‌ಗೆ ಅದಿಲ್ಲ. ಓದಿ ಅಳಿಸೋ ಖರ್ಚೆಲ್ಲ ಬಂದವರದ್ದೇ.

ನಮ್ಮಲ್ಲಿ ಫೋನು ದುಬಾರಿ ಆಗಿದ್ದೇ ಬಹಳ ಕಾಲ ನಮ್ಮನ್ನ ಕಾಪಾಡ್ತು. ಟ್ರಂಕ್ ಕಾಲ್ ಬುಕ್ ಮಾಡಿ ಕಾಯೋ ಕಾಲದಲ್ಲಿ 'ಸಾಲ ಬೇಕಾ ಸಾರ್' ಅಂತ ಯಾರು ಕೇಳ್ತಾರೆ? ಆಮೇಲೆ ಎಸ್‌ಟಿಡಿ ಬೂತ್ ಬಂದ್ರೂ, 08226 ಒತ್ತಿ ಚಾಮರಾಜನಗರಕ್ಕೆ ಮಾತಾಡೋರ ಕಣ್ಣು ಮೀಟರ್ ಮೇಲೇ. 1995ರ ಜುಲೈ 31ಕ್ಕೆ ದೇಶದ ಮೊದಲ ಮೊಬೈಲ್ ಕರೆ ಆಯ್ತು. ಆಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು.

ನನ್ನ ಪ್ರಕಾರ ನಿಜವಾದ ತಿರುವು 2003ರ ಮೇ 1. ಇನ್‌ಕಮಿಂಗ್ ಫ್ರೀ ಆಯ್ತು. ಆಮೇಲೆ ಔಟ್‌ಗೋಯಿಂಗೂ ಅಗ್ಗ ಆಗ್ತಾ ಬಂತು. ನಮ್ಮಂಥ ಮನೆಗಳಿಗೆ ಮೊಬೈಲ್ ಬಂದದ್ದು ಇದರಿಂದಲೇ, ಇಲ್ಲ ಅನ್ನಲ್ಲ. ಜೊತೆಗೆ ಟೆಲಿಮಾರ್ಕೆಟಿಂಗೂ ಬಂತು.

ಕಾಟ ತಡೀಲಾರದೆ ವಕೀಲರೊಬ್ಬರು ಸುಪ್ರೀಂ ಕೋರ್ಟಿಗೇ ಹೋದರು. 2007ರಲ್ಲಿ ಟ್ರಾಯ್ ನಿಯಮ ಮಾಡಿ, 'ಕರೆ ಬೇಡ' ಅನ್ನೋರ ಪಟ್ಟಿ ಶುರು ಮಾಡ್ತು. ನನ್ನ ತಕರಾರು ಇಲ್ಲೇ. ಬೇಡ ಅನ್ನೋನೇ ಹೋಗಿ ಹೆಸರು ಬರೆಸಬೇಕು! ನಮ್ಮ ಹೊಲಕ್ಕೆ ದನ ಬಿಡಬೇಡಿ ಅಂತ ನಾವೇ ಅರ್ಜಿ ಹಾಕಿದ ಹಾಗೆ. 2010ರಲ್ಲಿ, 2018ರಲ್ಲಿ ಮತ್ತೆ ನಿಯಮ ಬದಲಾದವು. ಪಟ್ಟಿಗೆ ಸೇರದಿದ್ರೂ, ನೋಂದಣಿ ಇಲ್ಲದೆ ಕಾಲ್ ಮಾಡೋರ ಮೇಲೆ ದೂರು ಕೊಡಬಹುದು ಅಂತ ಆಗೋಕೆ 2025ರ ಫೆಬ್ರವರಿ ಬರಬೇಕಾಯ್ತು.

ಇನ್ನೊಂದು ಬೇಲಿ ಇತ್ತು, ಭಾಷೆ. ಮೊದಮೊದಲು ಹಿಂದೀಲೇ ಕಾಲ್. ನಮ್ಮಜ್ಜಿ 'ಅದ್ಯಾವ್ದೋ ಭಾಷೆ' ಅಂತ ಇಟ್ಬುಡ್ತಿತ್ತು. ಈಗ 'ಊಟ ಆಯ್ತಾ ಅಮ್ಮ' ಅಂತಲೇ ಶುರು ಮಾಡ್ತಾರೆ. ಕೆಲವರು ಪೊಲೀಸ್ ವೇಷದಲ್ಲೇ ವಿಡಿಯೋ ಕಾಲ್‌ಗೆ ಬರ್ತಾರೆ. 'ಡಿಜಿಟಲ್ ಅರೆಸ್ಟ್' ಅನ್ನೋದು ಕಾನೂನಲ್ಲೇ ಇಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಹೇಳಬೇಕಾಯ್ತು.

ನಮ್ಮಪ್ಪನಿಗೆ ಮೂರು ನಂಬರ್ ಬರೆದು ಕೊಟ್ಟಿದ್ದೀನಿ. 140ರಿಂದ ಶುರುವಾದ್ರೆ ಜಾಹೀರಾತು, ಎತ್ತಬೇಡ. ಕಾಟದ ದೂರಿಗೆ 1909. ದುಡ್ಡು ಹೋಗಿದ್ರೆ ತಕ್ಷಣ 1930. ಡ್ರೈವರ್ ನಂಬರ್ ಗುರುತಿಸೋಕೆ ಮಾತ್ರ ಯಾವ ಉಪಾಯವೂ ಇಲ್ಲ.

ಈ ಸಲ ಲಾರಿ ಬರೋ ದಿನ ನಮ್ಮಪ್ಪ ಬಂದ ಕಾಲೆಲ್ಲ ಎತ್ತಿದ. ಒಟ್ಟು ಏಳು. ಡ್ರೈವರ್‌ದು ಆರನೇದು.