ಹಟಕ್ಕೆ ರೋಗದ ಹೆಸರು ಬಂದ ಬಗೆ

ಮಾತು ಕೇಳದ ಮಗುವಿಗೆ ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ: ಹಟಮಾರಿ, ಮೊಂಡ, ಉಡಾಳ, ತಲೆಹರಟೆ. ಎಲ್ಲವೂ ಬೈಗುಳಗಳೇ. ಇಂಥ ಬೈಗುಳದ ಜಾಗಕ್ಕೆ ವೈದ್ಯಕೀಯ ಭಾಷೆ ಬಂದದ್ದನ್ನು ಹುಡುಕುತ್ತ ಹೋದರೆ 1902ರ ಲಂಡನ್ ಸಿಗುತ್ತದೆ.

ಆ ವರ್ಷ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಕೊಟ್ಟ ಉಪನ್ಯಾಸಗಳು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾದವು. ಬುದ್ಧಿಯಲ್ಲಿ ಕೊರತೆಯಿಲ್ಲದ, ಆದರೆ ಸಿಟ್ಟು, ಹಗೆತನ, ಸುಳ್ಳು, ಕಿಡಿಗೇಡಿತನ ಮಿತಿಮೀರಿದ 20 ಮಕ್ಕಳ ವಿವರ ಅವುಗಳಲ್ಲಿದೆ. 15 ಹುಡುಗರು, 5 ಹುಡುಗಿಯರು. ಶಿಕ್ಷೆ ಇವರಿಗೆ ನಾಟುವುದಿಲ್ಲ, ಕೆಲವೇ ಗಂಟೆಗಳಲ್ಲಿ ಅದೇ ತಪ್ಪು ಮರುಕಳಿಸುತ್ತದೆ ಎಂದು ಸ್ಟಿಲ್ ಗಮನಿಸಿದರು. ಬೆತ್ತದ ಮೇಲೆ ಅಪಾರ ನಂಬಿಕೆಯಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಅವರು ಇಟ್ಟ ಹೆಸರು 'ನೈತಿಕ ನಿಯಂತ್ರಣದ ದೋಷ'. ಬೆತ್ತ ಕೆಳಗಿಟ್ಟರೂ ತೀರ್ಪು ಕೈಬಿಡಲಿಲ್ಲ ಎಂದೇ ನನಗನಿಸುತ್ತದೆ. ಮಗುವಿನ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಅಲ್ಲಿ ಮುಖ್ಯ ಪ್ರಶ್ನೆಯಾಗಲೇ ಇಲ್ಲ.

ಆ ಪ್ರಶ್ನೆಯನ್ನು ಎತ್ತಿದವರಲ್ಲಿ ಜಾನ್ ಬೌಲ್ಬಿ ಒಬ್ಬರು. 1944ರಲ್ಲಿ ಅವರು 44 ಬಾಲಕಳ್ಳರ ಅಧ್ಯಯನ ಪ್ರಕಟಿಸಿದರು. ಅವರಲ್ಲಿ 14 ಮಕ್ಕಳು ಯಾರನ್ನೂ ಹಚ್ಚಿಕೊಳ್ಳದವರು. ಆ 14ರಲ್ಲಿ 12 ಮಂದಿ ಎಳವೆಯಲ್ಲಿ ತಾಯಿಯಿಂದ ದೀರ್ಘಕಾಲ ದೂರವಾಗಿದ್ದವರು. ಬೌಲ್ಬಿ ಎಲ್ಲ ಭಾರವನ್ನೂ ತಾಯಿಯ ಮೇಲೆ ಹೇರಿದರೆಂಬ ಆಕ್ಷೇಪ ಇದೆ, ಅದರಲ್ಲಿ ಹುರುಳೂ ಇದೆ. ಆದರೂ 'ಕಳ್ಳ' ಎಂಬ ಪದದ ಹಿಂದೆ ಒಂದು ಅಗಲಿಕೆ ಇರಬಹುದೆಂದು ಅಂಕಿಗಳಲ್ಲಿ ತೋರಿಸಿದ್ದು ಸಾಮಾನ್ಯವಲ್ಲ.

ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಇದನ್ನು 'ವಿರೋಧಿ ಅಸ್ವಸ್ಥತೆ' ಎಂದಿತು. 1987ರಲ್ಲಿ ಅದಕ್ಕೆ 'ಪ್ರತಿಭಟನಾ' ಎಂಬ ಪದವೂ ಸೇರಿತು. ಈಗಿನ ನಿಯಮದಂತೆ ಎಂಟು ಲಕ್ಷಣಗಳಲ್ಲಿ ನಾಲ್ಕಾದರೂ ಆರು ತಿಂಗಳು ಕಾಣಬೇಕು, ಅದೂ ಒಡಹುಟ್ಟಿದವರಲ್ಲದ ಒಬ್ಬರ ಜೊತೆಗಾದರೂ. ಅಣ್ಣ-ತಂಗಿಯರ ಜಗಳವನ್ನು ರೋಗದ ಪಟ್ಟಿಯಿಂದ ಹೊರಗಿಟ್ಟವರಿಗೆ ಮನೆಯ ಅನುಭವ ಚೆನ್ನಾಗಿಯೇ ಇರಬೇಕು!

ನನ್ನ ದೃಷ್ಟಿಯಲ್ಲಿ ದೊಡ್ಡ ತಿರುವು ಬಂದದ್ದು ಆರೆಗಾನ್‌ನ ಜೆರಾಲ್ಡ್ ಪ್ಯಾಟರ್ಸನ್ ಅವರಿಂದ. ಅವರು ಮನೆಗಳೊಳಗಿನ ಮಾತುಕತೆಯನ್ನೇ ಗಮನಿಸಿದರು. ಅಮ್ಮ ಪುಸ್ತಕ ಎತ್ತಿಡು ಎನ್ನುತ್ತಾಳೆ, ಮಗು ಕಿರುಚುತ್ತದೆ, ಅಮ್ಮ ಸೋತು ಸುಮ್ಮನಾಗುತ್ತಾಳೆ. ಕಿರುಚಿದರೆ ಕೆಲಸ ತಪ್ಪುತ್ತದೆಂದು ಮಗು ಕಲಿಯಿತು. ಸುಮ್ಮನಾದರೆ ಕಿರುಚಾಟ ನಿಲ್ಲುತ್ತದೆಂದು ಅಮ್ಮನೂ ಕಲಿತಳು. ಮರುದಿನ ಇಬ್ಬರ ದನಿಯೂ ಒಂದು ಮೆಟ್ಟಿಲು ಮೇಲೆ. ಈ ಬಲಾತ್ಕಾರದ ಚಕ್ರವನ್ನು ಅವರು 1982ರ ಪುಸ್ತಕದಲ್ಲಿ ವಿವರಿಸಿದರು. ಇಂದು ಚಿಕ್ಕ ಮಕ್ಕಳ ಹಟಕ್ಕೆ ಮೊದಲು ಸೂಚಿಸುವ ಚಿಕಿತ್ಸೆಯಲ್ಲಿ ತರಬೇತಿ ಪಡೆಯಲು ಕೂರುವವರು ಹೆತ್ತವರು.